ಹಲ್ಲಿನ ಡಾಕ್ಟರ ಬೆಂಚಿನಲ್ಲಿ ಸಿಕ್ಕ ಅಕ್ಕನಿಗೆ

ಅಕ್ಕ, ಆ ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳಲೂ ಆಗಲಿಲ್ಲ.

ಅಪ್ಪನಿಗೆ 72 ವರ್ಷ. ಎರಡು ದಿನದಿಂದ ಬಾಯಿ ತೆರೆಯಲು ಆಗುತ್ತಿರಲಿಲ್ಲ, ಗಂಜಿಯನ್ನೂ ಹಲ್ಲಿನ ಸಂದಿಯಲ್ಲೇ ಹೀರುತ್ತಿದ್ದರು, ನಾವು ಹಲ್ಲುನೋವು ಅಂದುಕೊಂಡು ಅಲ್ಲಿಗೆ ಕರೆತಂದಿದ್ದೆವು. ನೀವು ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಪ್ಪನ ಮುಖವನ್ನೇ ನೋಡುತ್ತಿದ್ದಿರಿ. ಅವರು ನಗದಿದ್ದರೂ ತುಟಿ ನಕ್ಕಂತೆ ಎಳೆದುಕೊಂಡಿತ್ತು. "ಯಜಮಾನ್ರೇ, ಈಚೆಗೆ ಕಾಲಿಗೆ ಏನಾದ್ರೂ ಚುಚ್ಚಿತ್ತಾ?" ಅಂದಿರಿ. ಎಂಟು ದಿನದ ಹಿಂದೆ ತೋಟದಲ್ಲಿ ಬಿದಿರಿನ ಸಿಬಿರು ಚುಚ್ಚಿತ್ತು, ಅರಿಶಿನ ಹಚ್ಚಿ ಸುಮ್ನೆ ಬಿಟ್ಟಿದ್ದರು. ಹೊಟ್ಟೆ ಮುಟ್ಟಿ ನೋಡಿದಿರಿ, ಹಲಗೆ ಥರ ಗಟ್ಟಿ. "ನಾನು ನರ್ಸ್ ಆಗಿದ್ದವಳು, ಇದು ಧನುರ್ವಾಯು ಇರಬಹುದು, ಐಸಿಯು ಇರೋ ಆಸ್ಪತ್ರೆಗೆ ಈಗ್ಲೇ ಹೊರಡಿ" ಅಂದಿರಿ.

ನಿಮ್ಮ ಮಾತೇ ನಿಜವಾಯಿತು. ಇದನ್ನು ಲಕ್ಷಣ ನೋಡಿಯೇ ಹೇಳಬೇಕು, ರಕ್ತಪರೀಕ್ಷೆಗೆ ಕಾಯುತ್ತಾ ಕೂರೋ ಹಾಗಿಲ್ಲ ಅಂದರು ಡಾಕ್ಟರು. ಕಾಯಿಲೆಯ ವಿಷ ತಡೆಯೋ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟರು, ಗಾಯ ಬಿಡಿಸಿ ಒಳಗಿದ್ದ ಸಿಬಿರಿನ ಚೂರು ತೆಗೆದರು, ರೋಗಾಣು ಕೊಲ್ಲೋ ಮೆಟ್ರೊನಿಡಜೋಲ್, ಸ್ನಾಯು ಸಡಿಲಿಸೋ ಡಯಾಜೆಪಾಮ್ ಶುರು ಮಾಡಿದರು. ಬಾಗಿಲು ದಡ್ ಅಂದರೂ ಸಾಕು, ಅಪ್ಪನ ಬೆನ್ನು ಬಿಲ್ಲಿನ ಹಾಗೆ ಬಾಗುತ್ತಿತ್ತು, ಅದಕ್ಕೇ ದೀಪ ಮಂದ ಮಾಡಿ ಸದ್ದಿಲ್ಲದ ಕೋಣೆಯಲ್ಲಿ ಇಟ್ಟಿದ್ದರು. ಮೂರು ವಾರ ವೆಂಟಿಲೇಟರ್.

ಅಪ್ಪನ ವಯಸ್ಸಿನ ಎಷ್ಟೋ ಜನರಿಗೆ ಚಿಕ್ಕಂದಿನಲ್ಲಿ ಲಸಿಕೆಯೇ ಬಿದ್ದಿಲ್ಲ, ಅಲ್ವಾ? ಒಮ್ಮೆ ಬಂದುಹೋದರೂ ಈ ಕಾಯಿಲೆ ಮತ್ತೆ ಬರಬಹುದಂತೆ. ಅದಕ್ಕೆ ಟಿಡಿ (ಧನುರ್ವಾಯು, ಗಂಟಲಮಾರಿ ಎರಡನ್ನೂ ತಡೆಯೋ) ಲಸಿಕೆ ಶುರು ಮಾಡಿದ್ದಾರೆ, ಆಮೇಲೆ 10 ವರ್ಷಕ್ಕೊಮ್ಮೆ ಹಾಕಿಸಬೇಕು. ಅಮ್ಮನಿಗೂ ಹಾಕಿಸಿದೆ.

ನಿನ್ನೆ ಅಪ್ಪ ಅಕ್ಕಿರೊಟ್ಟಿ ಕಚ್ಚಿ ತಿಂದರು, ಅಕ್ಕ.