ಹಳೆಯ ಸ್ಪೋರ್ಟ್ಸ್ ಕಾರಿನ ಇಂಧನ ಪಂಪ್: ಮೊದಲು ವೈರಿಂಗ್ ನೋಡಿ

ಮಾನ್ಯ ಸಂಪಾದಕರೇ,

ಹಳೆಯ ಸ್ಪೋರ್ಟ್ಸ್ ಕಾರುಗಳ ಎಂಜಿನ್ ಶಕ್ತಿಯನ್ನು ಹೆಚ್ಚಿಸಿಕೊಳ್ಳುವ ಬಗ್ಗೆ ತಮ್ಮ ವಾಹನ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಟರ್ಬೊ, ಇಂಜೆಕ್ಟರ್, ಎಕ್ಸಾಸ್ಟ್‌ಗಳ ಬಗ್ಗೆ ಸಾಕಷ್ಟು ವಿವರ ಕೊಟ್ಟಿರುವ ಲೇಖಕರು, ಇಂಧನ ಪಂಪ್‌ನ ವಿಷಯಕ್ಕೆ ಬಂದಾಗ ಗಂಟೆಗೆ 255 ಲೀಟರ್ ಹರಿಸುವ ಪಂಪ್ ಹಾಕಿಸಿದರಾಯಿತು ಎಂಬರ್ಥದ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದಾರೆ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ ಆದ್ದರಿಂದ ಈ ಪತ್ರ.

ಪಂಪ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ಸರಳ ಲೆಕ್ಕದಿಂದಲೇ ತಿಳಿಯಬಹುದು. ಪೂರ್ಣ ಥ್ರಾಟಲ್‌ನಲ್ಲಿ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ ಅಶ್ವಶಕ್ತಿಗೆ ಗಂಟೆಗೆ ಸುಮಾರು 225 ಗ್ರಾಂ, ಟರ್ಬೊ ಇದ್ದರೆ ಸುಮಾರು 270 ಗ್ರಾಂ ಇಂಧನ ಬಳಸುತ್ತದೆ ಎಂದು ಹಿಡಿಯುವುದು ರೂಢಿ. ಪೆಟ್ರೋಲ್‌ನ ತೂಕ ಲೀಟರಿಗೆ ಮುಕ್ಕಾಲು ಕಿಲೋದಷ್ಟಿರುವುದರಿಂದ, 200 ಅಶ್ವಶಕ್ತಿಯ ಸಾಮಾನ್ಯ ಎಂಜಿನ್‌ಗೆ ಗಂಟೆಗೆ 60 ಲೀಟರ್ ಸಾಕು; 300 ಅಶ್ವಶಕ್ತಿಯ ಟರ್ಬೊ ಎಂಜಿನ್‌ಗೆ 110 ಲೀಟರ್ ಬೇಕು. ಐದನೇ ಒಂದು ಪಾಲನ್ನು ಮೀಸಲಿಗೆ ಸೇರಿಸಿದರೂ ಲೆಕ್ಕ 130ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಆದರೆ ಪೆಟ್ಟಿಗೆಯ ಮೇಲೆ ಅಚ್ಚಾದ ಹರಿವು ಒಂದು ನಿಗದಿತ ಒತ್ತಡ ಹಾಗೂ ವೋಲ್ಟೇಜ್‌ಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು. ಟರ್ಬೊ 1 ಬಾರ್ ಬೂಸ್ಟ್ (ಎಂಜಿನ್‌ಗೆ ಹೋಗುವ ಗಾಳಿಯ ಹೆಚ್ಚುವರಿ ಒತ್ತಡ) ಕೊಟ್ಟಾಗ, ಇಂಧನದ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರ್ ಇಂಧನದ ಒತ್ತಡವನ್ನೂ ಅಷ್ಟೇ ಏರಿಸಿ 3 ಬಾರ್‌ನಿಂದ 4 ಬಾರ್‌ಗೆ ಒಯ್ಯುತ್ತದೆ, ಒತ್ತಡ ಏರಿದಷ್ಟೂ ಪಂಪ್‌ನ ಹರಿವು ಇಳಿಯುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ನೋಡಬೇಕಾದದ್ದು ತಯಾರಕರು ಕೊಡುವ ಹರಿವು-ಒತ್ತಡದ ನಕ್ಷೆಯನ್ನು.

ದೊಡ್ಡದಿದ್ದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಎಂಜಿನ್ ಬಳಸದ ಪೆಟ್ರೋಲ್ ಹಿಂತಿರುಗುವ ಕೊಳವೆಯ ಮೂಲಕ ಟ್ಯಾಂಕ್ ಸೇರಬೇಕು. ಹಳೆಯ ಕಾರಿನ ಆ ಕೊಳವೆ ಸಣ್ಣದಾಗಿದ್ದರೆ ಐಡಲ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ, ಅಷ್ಟೊಂದು ಇಂಧನ ಅದರಲ್ಲಿ ಹಾದುಹೋಗಲಾರದೆ ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ಕೊಳವೆಯಲ್ಲಿನ ಒತ್ತಡ ರೆಗ್ಯುಲೇಟರ್‌ನ ಹಿಡಿತ ಮೀರುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿ ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ. ಮಾಲೀಕರು ಇಂಜೆಕ್ಟರ್ ಕೆಟ್ಟಿದೆಯೆಂದು ಬೇರೆಡೆ ಹುಡುಕತೊಡಗುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ವೈರಿಂಗ್. ಮೂವತ್ತು, ನಲವತ್ತು ವರ್ಷ ಹಳೆಯದಾದ ಕಾರಿನಲ್ಲಿ ಪಂಪ್‌ಗೆ ಹೋಗುವ ವಿದ್ಯುತ್ತು ಇಗ್ನಿಷನ್ ಸ್ವಿಚ್, ಫ್ಯೂಸ್, ಹಲವು ಕನೆಕ್ಟರ್‌ಗಳನ್ನು ದಾಟಿ, ತೆಳುವಾದ ತಂತಿಯಲ್ಲಿ ಹಿಂಭಾಗದವರೆಗೆ ಸಾಗಬೇಕು. ಟ್ಯಾಂಕ್ ಬಳಿಯ ಕನೆಕ್ಟರನ್ನು ಬಿಚ್ಚಿ ನೋಡಿದರೆ, ಬಿಳಿಯ ಪ್ಲಾಸ್ಟಿಕ್ ಒಂದು ಪಿನ್ನಿನ ಸುತ್ತ ಮಾತ್ರ ಕಂದುಬಣ್ಣಕ್ಕೆ ತಿರುಗಿ ತುಸು ಕರಗಿರುವುದು ಅನೇಕ ಕಾರುಗಳಲ್ಲಿ ಕಾಣಸಿಗುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯ ಬಳಿ 13.5 ವೋಲ್ಟ್ ತೋರಿಸುವ ಮೀಟರ್ ಇಂತಹ ಕಾರಿನ ಪಂಪ್‌ನಲ್ಲಿ 11 ವೋಲ್ಟ್ ತೋರಿಸಿದರೆ ಆಶ್ಚರ್ಯವಿಲ್ಲ; ಆಗ ಪಂಪ್‌ನ ಹರಿವು ಗಣನೀಯವಾಗಿ ತಗ್ಗಿರುತ್ತದೆ. ಹೆಚ್ಚು ವಿದ್ಯುತ್ ಎಳೆಯುವ ಹೊಸ ಪಂಪ್ ಹಾಕಿದರೆ ಅದೇ ತಂತಿಯಲ್ಲಿ ವೋಲ್ಟೇಜ್ ಮತ್ತಷ್ಟು ಕುಸಿಯುತ್ತದೆ. ಬ್ಯಾಟರಿಯಿಂದ ನೇರವಾಗಿ, ಬ್ಯಾಟರಿಯ ಸಮೀಪವೇ ಫ್ಯೂಸ್ ಇಟ್ಟು, ದಪ್ಪ ತಂತಿ ಎಳೆದು ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಾಕಿ ತೆಗೆಯುವ ಸ್ವಿಚ್) ಮೂಲಕ ಪಂಪ್‌ಗೆ ಕೊಟ್ಟರೆ, ಅರ್ಥಿಂಗನ್ನೂ ಶುಚಿಮಾಡಿದರೆ, ಎಷ್ಟೋ ವೇಳೆ ಹಳೆಯ ಪಂಪೇ ಸಾಕಾಗುತ್ತದೆ.

ಬದಲಿಸಲೇಬೇಕಾದಾಗ ಪಂಪ್‌ನ ಕಾಲಬುಡದ ಜಾಲರಿ, ಮುಚ್ಚಳದ ಓ-ರಿಂಗ್, ಫಿಲ್ಟರ್ ಮೂರೂ ಹೊಸದಾಗಿರಬೇಕು. ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ. ಟ್ಯಾಂಕಿನೊಳಗೆ ಮುಳುಗಿರುವ ತುಂಡು ಕೊಳವೆಗಂತೂ ಹೊರಗೆ ಬಳಸುವ ಸಾಮಾನ್ಯ ಕೊಳವೆ ಸಲ್ಲದು. ಎಸ್‌ಎಇ ಜೆ30 ಆರ್10 ಎಂಬ ದರ್ಜೆ ಇರುವುದು ಇದಕ್ಕಾಗಿಯೇ. ಇಂಜೆಕ್ಟರ್ ಬದಲು ಕಾರ್ಬ್ಯುರೇಟರ್ ಇರುವ ಕಾರುಗಳ ಮಾತೇ ಬೇರೆ. ಅವುಗಳಿಗೆ ಬೇಕಾದ ಒತ್ತಡ 0.2ರಿಂದ 0.3 ಬಾರ್ ಮಾತ್ರ, ಇಂಜೆಕ್ಷನ್ ಪಂಪ್ ಹಾಕಿದರೆ ಫ್ಲೋಟ್‌ನ ಸೂಜಿ ಕವಾಟ ತಡೆಯಲಾರದೆ ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಬೀಳುತ್ತದೆ.

ಇನ್ನು ನನ್ನ ಮುಖ್ಯ ಆಕ್ಷೇಪ. ಎಂಜಿನ್ ನಿಂತರೆ ಪಂಪ್ ತಾನಾಗಿಯೇ ನಿಲ್ಲಬೇಕೆಂಬುದು ಇಂಜೆಕ್ಷನ್ ಕಾರುಗಳ ಮೂಲ ವಿನ್ಯಾಸದಲ್ಲಿಯೇ ಇದೆ. ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5ರ 1.6 ಲೀಟರ್ ಎಂಜಿನ್‌ನಲ್ಲಿ ಗಾಳಿ ಅಳೆಯುವ ಮೀಟರಿನೊಳಗಿನ ಪುಟ್ಟ ಸ್ವಿಚ್ ಈ ಕೆಲಸ ಮಾಡುತ್ತದೆ: ಗಾಳಿಯ ಹರಿವು ನಿಂತು ಮೀಟರಿನ ಕದ ಮುಚ್ಚಿದರೆ ರಿಲೇ ಪಂಪ್‌ನ ವಿದ್ಯುತ್ತನ್ನು ಕಡಿಯುತ್ತದೆ. ಡಿಕ್ಕಿಯಾದಾಗ ಪಂಪ್ ನಿಲ್ಲಿಸುವ ಇನರ್ಷಿಯಾ ಸ್ವಿಚ್ ಬೇರೆ ಕೆಲವು ಕಾರುಗಳಲ್ಲಿದೆ. ಹೊಸ ತಂತಿ ಎಳೆಯುವ ಭರದಲ್ಲಿ ರಿಲೇಯನ್ನು ಇಗ್ನಿಷನ್‌ಗೆ ನೇರವಾಗಿ ಜೋಡಿಸಿ ಈ ಏರ್ಪಾಟನ್ನೇ ತಪ್ಪಿಸಿಬಿಡುವವರು ಬಹಳ. ಅಪಘಾತದಲ್ಲಿ ಕೊಳವೆ ತುಂಡಾದರೆ ಅಂತಹ ಪಂಪ್ ನಿಮಿಷಕ್ಕೆ ಹಲವು ಲೀಟರ್ ಪೆಟ್ರೋಲನ್ನು ರಸ್ತೆಗೆ ಸುರಿಯುತ್ತಲೇ ಇರುತ್ತದೆ. ಹೊಸ ರಿಲೇಗೆ ಚಾಲನೆ ಸಿಗಬೇಕಾದದ್ದು ಹಳೆಯ ಪಂಪ್‌ಗೆ ಬರುತ್ತಿದ್ದ ಮೂಲ ತಂತಿಯಿಂದ. ಹಾಗೆ ಮಾಡಿದರೆ ರಕ್ಷಣೆಯೂ ಉಳಿಯುತ್ತದೆ, ವೋಲ್ಟೇಜೂ ಸಿಗುತ್ತದೆ.

ಕೆಲಸಕ್ಕೆ ಕೈಹಾಕುವ ಮುನ್ನ ಪಂಪ್‌ನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಬೇಕು. ಬ್ಯಾಟರಿಯ ಋಣ ಕೊಂಡಿ ಬಿಚ್ಚಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾಗಿ ನೆಲದ ಮಟ್ಟದಲ್ಲಿ ಹರಡುವುದರಿಂದ ಮುಚ್ಚಿದ ಶೆಡ್ಡಿನಲ್ಲಿ ಈ ಕೆಲಸ ಕೂಡದು. ಟ್ಯಾಂಕಿನ ಲಾಕ್ ರಿಂಗನ್ನು ಉಕ್ಕಿನ ಉಳಿಯಿಂದ ಬಡಿಯದೆ ಹಿತ್ತಾಳೆಯದರಿಂದ ಸರಿಸುವುದು ಕಿಡಿಯ ಭಯದಿಂದಲೇ.

ಇಂತಹ ಲೇಖನ ಮುಂದೆ ಪ್ರಕಟಿಸುವಾಗ ಒಂದು ಪರೀಕ್ಷೆಯನ್ನಾದರೂ ಸೇರಿಸಬೇಕೆಂದು ಕೋರುತ್ತೇನೆ. ಇಂಜೆಕ್ಷನ್ ಕಾರಿನಲ್ಲಿ ಪಂಪ್ ಬದಲಿಸಿದ ಮೇಲೆ ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಹಾಕಿ ಕಿವಿಗೊಡಬೇಕು. ಪಂಪ್ ಕೆಲವು ಕ್ಷಣ ಗುಂಯ್‌ಗುಟ್ಟಿ ನಿಲ್ಲಬಹುದು, ಅಥವಾ ಸದ್ದೇ ಬಾರದಿರಬಹುದು, ಎರಡೂ ಸರಿಯೇ. ನಿಲ್ಲದೆ ಓಡುತ್ತಲೇ ಇದ್ದರೆ ವೈರಿಂಗ್ ಸರಿಪಡಿಸುವ ತನಕ ಆ ಕಾರನ್ನು ರಸ್ತೆಗಿಳಿಸಬಾರದು.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ