ಹಿಂದಿನ ಬೆಂಚು

ಉಡುಪಿ

ಪ್ರೀತಿಯ ಮಗಾ,

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಒಂದು ಸಾಲು ಮಾತ್ರ ತಲೆಯಿಂದ ಹೋಗುತ್ತಿಲ್ಲ. "ಕೊಟ್ಟ ಹಕ್ಕನ್ನು ಇಷ್ಟು ಸುಲಭದಲ್ಲಿ ಕಿತ್ತುಕೊಳ್ಳುವುದಾದರೆ ಸಿಕ್ಕಿ ಏನು ಬಂತು ದೊಡ್ಡಮ್ಮ? ನಾನಿನ್ನು ಓಟು ಹಾಕುವುದಿಲ್ಲ." ಸಿಟ್ಟಿನಲ್ಲಿ ಬರೆದೆ ಅಂತ ನೀನು ಹೇಳಬಹುದು. ನನಗೆ ಕಂಡದ್ದು ಹೆದರಿಕೆ.

ನಾನು 1987ರಲ್ಲಿ ಮಂಡಲ ಪಂಚಾಯತಿಗೆ, ಅಂದರೆ ಈಗಿನ ಗ್ರಾಮ ಪಂಚಾಯತಿಯ ಹಾಗಿದ್ದದ್ದಕ್ಕೆ, ನಿಂತ ಕಥೆಯನ್ನು ಮನೆಯಲ್ಲಿ ತಮಾಷೆ ಮಾಡಿಯೇ ಹೇಳುತ್ತಾರೆ. ನೂರಕ್ಕೆ 25 ಸೀಟು ಹೆಂಗಸರಿಗೆ ಅಂತ ಕಾನೂನು ಬಂದಿತ್ತು. ಪಂಚಾಯತ್ ರಾಜ್ ಮಂತ್ರಿಯಾಗಿದ್ದ ನಜೀರ್ ಸಾಬರ ಕಾಲ. ಊರೂರಿಗೆ ಬೋರ್‌ವೆಲ್ ಹಾಕಿಸಿ 'ನೀರು ಸಾಬ' ಅನಿಸಿಕೊಂಡವರು ಅವರೇ. ನಾಮಪತ್ರ ತುಂಬಿಸಿದ್ದು ಭಾವ, ಸಹಿ ಮಾತ್ರ ನನ್ನದು. ಸಭೆಯಲ್ಲಿ ನಾವು ಹೆಂಗಸರಿಗೆ ಹಿಂದಿನ ಬೆಂಚು. ಚಹಾ ಬಂದರೆ ಹಂಚುವುದೂ ನಾವೇ.

ಒಂದು ದಿನ ನಮ್ಮ ಕಡೆಯ ಬುಡಕಟ್ಟಿನವರಾದ ಕೊರಗರ ಕಾಲನಿಗೆ ಬಾವಿ ತೋಡಿಸುವ ವಿಷಯ ಬಂತು. ಅಲ್ಲಿಯ ಹೆಂಗಸರು ನಮ್ಮ ಗದ್ದೆ ಬದುವಿನಲ್ಲೇ ಕೊಡ ಹೊತ್ತು ಹೋಗುವುದನ್ನು ದಿನಾ ನೋಡಿದವಳು ನಾನು. "ಜಾಗ ಸರಿಯಿಲ್ಲ, ಮುಂದಿನ ಸಲ ನೋಡುವ" ಅಂದರು. ನಾನು ಬಾಯಿ ತೆರೆದೆ. ಮುಂದಿನ ಸಾಲಿನಿಂದ ಭಾವ ತಿರುಗಿ ನೋಡಿದರು. ಮುಚ್ಚಿದೆ.

1992ರಲ್ಲಿ ನಮ್ಮ ಅವಧಿ ಮುಗಿಯಿತು. ಅಷ್ಟರಲ್ಲಿ ಸರಕಾರ ಬದಲಾಗಿತ್ತು. ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿ ಬಂದರು. ನೀನು ಹೇಳುವ ಕಿತ್ತುಕೊಳ್ಳುವುದು ಅಂದರೆ ಅದೇ ಅಲ್ವಾ? ಗಲಾಟೆಯಿಲ್ಲ, ಗೌಜಿಯಿಲ್ಲ. ನಾನು ಅತ್ತೆನಾ? ಇಲ್ಲ ಮಗಾ. ಸದ್ಯ, ಇನ್ನು ಆ ಬೆಂಚಿನಲ್ಲಿ ಕೂರಬೇಕಾಗಿಲ್ಲ ಅಂತ ಹಾಯೆನಿಸಿತು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಮರುವರ್ಷವೇ ಸಂವಿಧಾನದ 73ನೇ ತಿದ್ದುಪಡಿ ಬಂತು. ಮೂರರಲ್ಲೊಂದು ಸೀಟು ಹೆಂಗಸರಿಗೆ, ಐದು ವರ್ಷಕ್ಕೊಮ್ಮೆ ಚುನಾವಣೆ. ಡಿಸೆಂಬರಿನಲ್ಲಿ ಓಟು. ನನ್ನನ್ನು ಮತ್ತೆ ಕೇಳಿದರು. ಮಂಡಿನೋವು ಅಂದೆ. ಆಗ ನನಗೆ ಮಂಡಿನೋವು ಎಲ್ಲಿತ್ತು! ಬೀಡಿ ಕಟ್ಟುವ ಪಕ್ಕದ ಮನೆಯವಳು ನಿಂತು ಗೆದ್ದಳು. ಕಾಲನಿಯ ಆ ಬಾವಿ ತೋಡಿಸಲು ಅವಳಿಗೆ ಎರಡು ವರ್ಷ ಹಿಡಿಯಿತು. ಅವಳು ತಿಂದ ಬೈಗಳು ಅಷ್ಟಿಷ್ಟಲ್ಲ. 2010ರಲ್ಲಿ ಸೀಟು ಅರ್ಧಕ್ಕರ್ಧ ಆದಾಗ ಅವಳ ಸೊಸೆ ನಿಂತಳು.

ಹಾಗಂತ ಎಲ್ಲ ತನ್ನಿಂದ ತಾನೇ ಸರಿಯಾಗುತ್ತದೆ ಅನ್ನುತ್ತಿಲ್ಲ. ಐದು ವರ್ಷ ಅಂತ ಬರೆದಿಟ್ಟ ಮೇಲೂ, 2021ರಲ್ಲಿ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ ಮುಗಿದು ವರ್ಷಗಟ್ಟಲೆ ಚುನಾವಣೆಯೇ ಇರಲಿಲ್ಲ. ನಿಮ್ಮ ಬೆಂಗಳೂರಿನ ಪಾಲಿಕೆಯದ್ದೂ 2020ರಿಂದ ಅದೇ ಪಾಡಾಯಿತಲ್ಲ. ನಿನ್ನ ಹೆದರಿಕೆ ಸುಳ್ಳಲ್ಲ, ಕಿತ್ತುಕೊಳ್ಳುತ್ತಾರೆ. ಆದರೆ ಆ ಸಾಲು ಓದಿದಾಗ ನನಗೆ ಹೆದರಿಕೆಯಾದದ್ದು ಬೇರೆಯೇ. ಕಿತ್ತುಕೊಂಡದ್ದು ಒಳಗೊಳಗೇ ನಿನಗೂ ಹಾಯೆನಿಸುತ್ತಿದೆಯೋ ಏನೋ ಅಂತ.

ನಾನು ಯಾವ ಬಾಯಲ್ಲಿ ಬುದ್ಧಿ ಹೇಳಲಿ? ರಾತ್ರಿ ಮಲಗುವ ಮೊದಲು ಮೊಬೈಲಿನಲ್ಲಿ ಸುದ್ದಿ ನೋಡಬೇಡ ಅನ್ನಬಹುದು, ನೀನು ಕೇಳುವವಳಲ್ಲ. ಊರಿಗೆ ಬರುವಾಗ ಗ್ರಾಮಸಭೆಯ ದಿನ ನೋಡಿ ರಜೆ ಹಾಕಿದರೆ ಒಟ್ಟಿಗೆ ಹೋಗಬಹುದು. ಸುಮ್ನೆ ಕೂತು ಬರುವ. ಮುಂದಿನ ಬೆಂಚಿನಲ್ಲಿ. ಆಗದಿದ್ದರೆ ಬೇಡ.

ಮತ್ತೆ, ನಿನ್ನ ಓಟು ಇನ್ನೂ ಇಲ್ಲೇ ಇದೆ. ಮೊನ್ನೆ ಪಟ್ಟಿ ಹಿಡಿದು ಬಂದ ಅಂಗನವಾಡಿ ಟೀಚರು "ಇವರ ಹೆಸರು ತೆಗೆಯುವುದಾ?" ಕೇಳಿದರು. ಬೇಡ, ಅವಳನ್ನೇ ಕೇಳಿ ಹೇಳುತ್ತೇನೆ ಅಂದೆ. ಬೆಂಗಳೂರಿಗೆ ಬದಲಾಯಿಸುವುದಾದರೆ ಫಾರ್ಮ್ 8 ಕೊಡಬೇಕಂತೆ. ಭಾನುವಾರ ಅವರು ಮತ್ತೆ ಬರುತ್ತಾರೆ. ಅದರೊಳಗೆ ಒಂದು ಫೋನ್ ಮಾಡು.

ನಿನ್ನ,
ದೊಡ್ಡಮ್ಮ