ಲೈಬ್ರರಿಯಲ್ಲಿ ಪಕ್ಕ ಕೂತಿದ್ದ ಹಿರಿಯರಿಗೆ

ಸರ್, ಅವತ್ತು ನಿಮ್ಮ ಹೆಸರು ಕೇಳೋದನ್ನೇ ಮರೆತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಜೊತೆ ಎಂಟನೇ ಕ್ಲಾಸಿನ ಇಬ್ಬರು ಹುಡುಗಿಯರಿದ್ದರು. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಸಂಶೋಧನಾ ವರದಿ ಬರೆಯಬೇಕಿತ್ತು. 1993ರಿಂದ ನಡೆಯುತ್ತಿದೆಯಲ್ಲ, 10ರಿಂದ 17 ವರ್ಷದ ಮಕ್ಕಳಿಗೆ, ಅದೇ. ವಿಷಯ: ನಮ್ಮ ಶಾಲೆಯ ಸೋರುವ ನಲ್ಲಿ. ನಾನು ಕನ್ನಡ ಮೇಷ್ಟ್ರು. ಪ್ರಬಂಧ ಬರೆಸಿ ಗೊತ್ತು, ಇದು ಗೊತ್ತಿಲ್ಲ. ಮೊದಲ ಪುಟ ಪೂರ್ತಿ ‘ನೀರು ಅಮೂಲ್ಯ’ ಅಂತಲೇ ತುಂಬಿಸಿದ್ದೆವು.

ಪೇಪರ್ ಓದುತ್ತಿದ್ದ ನೀವು ಬಗ್ಗಿ ನೋಡಿ ಕೇಳಿದಿರಿ: “ಇದು ನಿಮಗೆ ಹೇಗೆ ಗೊತ್ತಾಯ್ತಮ್ಮ?” ಹುಡುಗಿಯರು ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ.

ಆಮೇಲೆ ಅವರ ನೋಟ್‌ಬುಕ್ ತೆಗೆಸಿದಿರಿ. ನಲ್ಲಿ ಕೆಳಗಿಟ್ಟ ಒಂದು ಲೀಟರ್ ಮಗ್ ತುಂಬಿದ್ದು 20 ನಿಮಿಷಕ್ಕೆ. ಅಂದರೆ ದಿನಕ್ಕೆ 72 ಲೀಟರ್. “ಒಂದೇ ಸಲ ಅಳೆದ್ರಾ? ಟ್ಯಾಂಕ್ ಖಾಲಿಯಾಗ್ತಾ ಬಂದಾಗ ಎಷ್ಟಾಗುತ್ತೆ?” ಮೂರು ಹೊತ್ತೂ ಅಳೆಯಲು ಹೇಳಿದಿರಿ. ಅಳೆದರೆ ಸಂಜೆ 31 ನಿಮಿಷ! ಹೊಂದದ ಆ ಅಂಕಿ ತೆಗೆದುಬಿಡೋಣ ಅಂದವನು ನಾನೇ, ಹೇಳೋಕೆ ನಾಚಿಕೆ. “ಬೇಡ ಸರ್, ಲೈಬ್ರರಿ ಅಜ್ಜ ಬೈತಾರೆ” ಅಂದಳು ಒಬ್ಬಳು. ಅಂಕಿ ಉಳಿಯಿತು. ಟ್ಯಾಂಕಿನ ನೀರು ಇಳಿದಂತೆ ಒತ್ತಡವೂ ಇಳಿಯುತ್ತೆ ಅನ್ನೋದು ಮಕ್ಕಳಿಗೆ ಹೊಳೆದಿದ್ದೇ ಅದರಿಂದ.

ಅಳೆದದ್ದು ಒಂದು ಕಡೆ, ಅನಿಸಿದ್ದು ಇನ್ನೊಂದು ಕಡೆ. ಸಾರಾಂಶ ಮೊದಲ ಪುಟದಲ್ಲಿದ್ದರೂ ಬರೆಯೋದು ಕೊನೆಗೆ. ಇದೂ ನೀವು ಹೇಳಿದ್ದೇ.

ತುಂಬಾ ಥ್ಯಾಂಕ್ಸ್ ಸರ್. ನಿಮ್ಮ ಮೊಂಡು ಪೆನ್ಸಿಲ್ ನಮ್ಮ ಹತ್ತಿರವೇ ಉಳಿದುಬಿಟ್ಟಿದೆ.